ಒಂದು ತೊಟ್ಟು, ಒಂದು ರಾತ್ರಿ

ಸಿದ್ದಾಪುರದಲ್ಲಿ ಮೂಸಾಕನ ಹೆಸರಿಗೆ ನಗದವರಿಲ್ಲ:
ಹೆಸರೂ ಮೂಸಾ, ಮಾಡುವುದೂ ಅದೇ.
ಬಾನೆಟ್ ಎತ್ತಿ, ಕಡ್ಡಿ ಎಳೆದು,
ಮೂಗಿನ ಕೆಳಗೆ ಒಮ್ಮೆ ದಾಟಿಸಿದರೆ ಸಾಕು.
"ಡೀಸೆಲ್ ಇಳಿದಿದೆ, ಇಂಜೆಕ್ಟರ್ ನೋಡು."
"ಇದು ಸೀದದ್ದು. ಮಡಿಕೇರಿ ಘಾಟಿಯನ್ನು
ಸೆಕೆಂಡ್ ಗೇರಲ್ಲೇ ಹತ್ತಿಸಿದ್ದೀಯ, ಸುಳ್ಳು ಹೇಳಬೇಡ."
ಕಡ್ಡಿ ಹಾಲು ಕಾಫಿ ಬಣ್ಣಕ್ಕೆ ತಿರುಗಿದ್ದರೆ ಮಾತ್ರ
ಮೂಸುತ್ತಲೇ ಇರಲಿಲ್ಲ.
"ನೀರು ಸೇರಿದೆ. ಹೆಡ್ ಬಿಚ್ಚಬೇಕು," ಎಂದು
ಕೈ ತೊಳೆಯಲು ಹೋಗುತ್ತಿದ್ದ,
ಮಣ್ಣಿಗೆ ಹೋಗಿ ಬಂದವನ ಹಾಗೆ.

ನಾನು ಬಿಲ್ ಬರೆಯಲು ಬಂದವಳು.
ಅವನಿಗೆ ಜ್ವರ ಬಂದು ಹೋದ ಮೇಲೆ
ಮೊದಲ ದಿನ, ಮೊದಲ ಜೀಪು:
ಕಡ್ಡಿ ಮೂಗಿನ ಕೆಳಗೆ ನಿಂತೇ ನಿಂತಿತು.
ಎಣ್ಣೆ ಮೀಸೆಗೆ ಹತ್ತಿತು.
ಗಿರಾಕಿ ಫೋನಿನಲ್ಲಿದ್ದ.
ನಾನು ರಸೀದಿಯಿಂದ ತಲೆ ಎತ್ತದೆ
"ಡೀಸೆಲ್ ವಾಸನೆ ಇಲ್ಲಿಗೂ ಹೊಡೀತಿದೆ" ಎಂದೆ.
"ಇಂಜೆಕ್ಟರ್ ನೋಡಬೇಕು," ಎಂದ ಮೂಸಾಕ,
ಸ್ವಲ್ಪ ತಡವಾಗಿ.
ಆ ವಿಷಯ ನಾವಿಬ್ಬರೂ ಇಂದಿಗೂ ಆಡಿಲ್ಲ.

ಮಾರನೇ ವಾರ, ಹೋಂಸ್ಟೇಯ ದೇವಕ್ಕಿ ಬಿಸಾಡಲಿದ್ದ
ಕಾಫಿ ಸೋಸುವ ಕಾಗದದ ಕಟ್ಟು ತಂದ.
ಪ್ರತಿ ಗಾಡಿಗೆ ಒಂದು ಕಾಗದ, ಒಂದು ತೊಟ್ಟು,
ಲೋಟದ ಬಾಯಿಗೆ ಹಾಸಿ ಒಂದು ರಾತ್ರಿ.
ಬೆಳಿಗ್ಗೆ ಓದಲು ಕಲಿಸಿದ:
ಮಸಿ ಅಂಚಿನವರೆಗೂ ನಡೆದು ಹೋಗಿದ್ದರೆ
ಎಣ್ಣೆಗಿನ್ನೂ ಹೊರುವ ತ್ರಾಣವಿದೆ.
ಮಸಿಯೆಲ್ಲ ನಡುವಲ್ಲೇ ಕುಕ್ಕರಿಸಿ
ಸುತ್ತ ಬರೀ ಜಿಡ್ಡು ಹಬ್ಬಿದ್ದರೆ ಮುಗಿಯಿತು.
ಹೊರಗೊಂದು ತೆಳು ಹಳದಿ ಬಳೆ: ಡೀಸೆಲ್.
"ಕಪ್ಪಾಯ್ತು ಅಂತ ಬಯ್ಯಬೇಡ ಮೋಳೇ,
ಇಂಜಿನ್ನಿನ ಕೊಳೆ ಹೊತ್ತದ್ದು ಕಪ್ಪಾಗದೆ ಇನ್ನೇನು?
ಆರು ತಿಂಗಳಾದರೂ ಹೊಳೆಯುತ್ತಿದ್ದರೆ
ನನಗೆ ಹೆದರಿಕೆ."

ಫೆಬ್ರವರಿ ಕೊನೆ. ಹೂಮಳೆ ಕೈಕೊಟ್ಟಿತ್ತು.
ರೈಟರ್ ಬೆಳ್ಯಪ್ಪ ಸ್ಪ್ರಿಂಕ್ಲರಿನ ಪಂಪ್‌ಸೆಟ್ಟನ್ನು
ಪಿಕಪ್ಪಿಗೆ ಹೇರಿಕೊಂಡು ಬಂದ.
"ಹೊಗೆ ಜಾಸ್ತಿ. ಮೂರನೇ ಬ್ಲಾಕಿಗೆ ಅರ್ಧ ನೀರು ಬಿದ್ದಿದೆ,
ಇವತ್ತು ರಾತ್ರಿ ನಿಂತರೆ ಮೊಗ್ಗು ಕರಟಿಹೋಗುತ್ತೆ.
ಸುಮ್ಮನೆ ಬದಲಿಸಿದರೆ ಸಾಹುಕಾರರಿಗೆ ಲೆಕ್ಕ ಕೊಡಬೇಕು.
ಎಣ್ಣೆ ತಡೆಯುತ್ತೋ ಇಲ್ಲವೋ, ಅಷ್ಟು ಹೇಳು."

ಕಾಗದಕ್ಕೆ ಒಂದು ರಾತ್ರಿ ಬೇಕು.
ಬೆಳ್ಯಪ್ಪನ ಬಳಿ ಇದ್ದದ್ದು ಅರ್ಧ ಗಂಟೆ.
ಮೂಸಾಕ ಕಡ್ಡಿ ಎಳೆದ. ಬೆರಳ ನಡುವೆ ಉಜ್ಜಿದ,
ಕಿವಿಯ ಬಳಿ ತಂದು ಮತ್ತೆ ಉಜ್ಜಿದ,
ತರಿ ಇಲ್ಲ.
ಆಮೇಲೆ, ಎಲ್ಲರೆದುರು,
ಕಡ್ಡಿಯನ್ನು ನನ್ನ ಮೂಗಿಗೆ ಹಿಡಿದ.

ಬೆಳ್ಯಪ್ಪ ಇಬ್ಬರನ್ನೂ ನೋಡಿದ.

ಸುಟ್ಟ ವಾಸನೆ ಇತ್ತು. ಅದರಡಿ ಡೀಸೆಲ್
ಇತ್ತೋ, ನನ್ನ ವೇಲಿನಲ್ಲೇ ಇತ್ತೋ.
ಈ ಶೆಡ್ಡಿನಲ್ಲಿ ಅದಿಲ್ಲದ ಗಾಳಿ ಯಾವುದು?
"ಬದಲಿಸಿ," ಎಂದೆ.
ಐದು ಲೀಟರ್ ಹೊಸದು ಇಳಿಯಿತು. ಬಿಲ್ ಬರೆದೆ.
ಪಿಕಪ್ ಧೂಳೆಬ್ಬಿಸಿತು.
ಹಳೆಯದರಿಂದ ಮೂಸಾಕ ಒಂದು ತೊಟ್ಟು ತೆಗೆದಿಟ್ಟ.

ಬೆಳಿಗ್ಗೆ ಲೋಟದ ಮೇಲೆ
ಮಸಿ ಅಂಚಿನವರೆಗೂ ಸಮನಾಗಿ ನಡೆದಿತ್ತು.
ಹಳದಿ ಬಳೆ ಇಲ್ಲ.
ಇನ್ನೂ ನೂರು ಗಂಟೆ ದುಡಿಯಬಲ್ಲ ಎಣ್ಣೆ.
ಅವನು ಕಾಗದದ ಹಿಂದೆ ತಾರೀಕು ಬರೆದ,
ನನ್ನ ಹೆಸರು ಬರೆದ, ಗೋಡೆಗೆ ಸಿಕ್ಕಿಸಿದ.
"ಬೆಳ್ಯಪ್ಪನ ಮುಂದಿನ ಬಿಲ್ಲಲ್ಲಿ ಐದು ಲೀಟರ್ ಕಳೆ," ಎಂದ.
ಹಳೆಯ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ
ತನ್ನದೇ ಜೀಪಿಗೆ ಸುರಿದುಕೊಂಡ.

ಒಂಬತ್ತನೇ ದಿನ ಸಂಜೆ
ಗಾಳಿ ತೋಟದ ಕಡೆಯಿಂದ ತಿರುಗಿತು.
ಸ್ಪ್ಯಾನರ್ ಕೆಳಗಿಟ್ಟು ಮುಖ ಎತ್ತಿದ.
"ಹೂವು ಬಂತಾ?"
ನಾನು ಅವಸರ ಮಾಡಲಿಲ್ಲ.
ಶೆಡ್ಡಿನಿಂದ ಹೊರಬಂದೆ, ರಸ್ತೆ ದಾಟಿದೆ,
ಎಣ್ಣೆಯ ವಾಸನೆ ಮುಗಿಯುವವರೆಗೂ ನಡೆದೆ,
ಅಲ್ಲಿ ನಿಂತು
ಉಸಿರೆಳೆದುಕೊಂಡೆ.